ಕೊಲೆಮನೆಯ ನರ್ಸಮ್ಮನ ಹಲ್ಲುನೋವು

ಸೋಮವಾರ, ೧೫ ಸೆಪ್ಟೆಂಬರ್ ೧೯೫೨

ಶಾಲೆಯ ವರ್ಷದ ಕೊನೆಯ ಅವಧಿ ಶುರುವಾಯಿತು. ಬೆಳಿಗ್ಗೆ ಆಸ್ಪತ್ರೆಯ ಬೀಗ ತೆಗೆಯಲು ಹೋದರೆ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ಕೊಲೆಮನೆ’ ಎಂದು ಬರೆದಿದ್ದಾರೆ. ಕೆಳಗೆ ನನ್ನ ಚಿತ್ರ. ಬಿಳಿ ತಲೆವಸ್ತ್ರ, ಕೆಂಪು ಸ್ವೆಟರು, ಕೈಯಲ್ಲಿ ಕೊಡಲಿ. ರಜೆಯಲ್ಲೂ ಮಕ್ಕಳು ನನ್ನನ್ನು ಮರೆತಿಲ್ಲವಲ್ಲ ಎಂದು ಸಂತೋಷವಾಯಿತು. ಮೂಗು ಮಾತ್ರ ಅಷ್ಟು ಉದ್ದ ಇಲ್ಲ.

ವೈಕೋರಾ ಶಾಲೆಯ ಮೈದಾನದ ಮೂಲೆಯಲ್ಲಿ ಈ ಒಂಟಿ ಕೋಣೆಯ ಹಲ್ಲಿನ ಆಸ್ಪತ್ರೆಗೆ ನಾನು ಬಂದು ಎರಡು ವರ್ಷವಾಯಿತು. ಸರ್ಕಾರ ನನ್ನನ್ನು ರಾಜಧಾನಿ ವೆಲಿಂಗ್ಟನ್ನಿನಲ್ಲಿ ಕೂರಿಸಿ ಕಲಿಸಿ, ‘ಹೋಗಮ್ಮ, ದೇಶದ ಮಕ್ಕಳ ಹಲ್ಲು ಉಳಿಸು’ ಎಂದು ಇಲ್ಲಿಗೆ ಅಟ್ಟಿತು. ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿಯುತ್ತ ಕೈಯಲ್ಲಿ ಹಲ್ಲು ಕೊರೆಯುತ್ತೇನೆ. ಮುಂದಿನವರ ಹೆಸರಿನ ಚೀಟಿ ಕೊಟ್ಟು ನಾನು ಕಳಿಸಿದ ಮಗು ತರಗತಿಯ ಬಾಗಿಲಲ್ಲಿ ನಿಂತ ಕೂಡಲೇ ನಲವತ್ತು ಮಕ್ಕಳು ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಾರಂತೆ. ಯಮಧರ್ಮನಿಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ಇನ್ನು ಗುಟ್ಟಿನ ಮಾತು. ಇದನ್ನು ಈ ಪುಸ್ತಕಕ್ಕೆ ಮಾತ್ರ ಹೇಳುತ್ತೇನೆ. ನನಗೆ ಹಲ್ಲುನೋವು. ಕೆಳಸಾಲು, ಬಲಗಡೆ, ಹಿಂದಿನಿಂದ ಎರಡನೆಯದು. ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ತುರುಕಿಕೊಂಡಿದ್ದೇನೆ. ನನ್ನ ಮೈಯೆಲ್ಲ ಯಾವತ್ತೂ ಲವಂಗದ ವಾಸನೆಯೇ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ವೈದ್ಯರ ಹತ್ತಿರ ಹೋಗಬೇಕು. ಹೋಗುವುದಿಲ್ಲ. ಕಲಿಯುವಾಗ ನಾವು ಹುಡುಗಿಯರು ಒಬ್ಬರ ಬಾಯಲ್ಲಿ ಒಬ್ಬರು ಅಭ್ಯಾಸ ಮಾಡಬೇಕಿತ್ತು. ನನ್ನ ಸರದಿ ಬಂದಾಗ ಕುರ್ಚಿಯಲ್ಲೇ ಮೂರ್ಛೆ ಹೋದೆ. ‘ಬೆರಿಲ್ ಟ್ರೆಗಿಯರ್, ನೀನು ಯಂತ್ರದ ಈಚೆ ಕಡೆ ಮಾತ್ರ ಇರು ಮಾರಾಯ್ತಿ’ ಎಂದರು ಮೇಡಂ. ಅಂದಿನಿಂದ ಈಚೆ ಕಡೆಯೇ ಇದ್ದೇನೆ.

ಇರಲಿ, ಇನ್ನೆಷ್ಟು ದಿನ. ಈಸ್ಟರ್ ಮುಗಿದ ವಾರವೇ ಮರ್ವಿನ್ ಜೊತೆ ಮದುವೆ. ಮದುವೆಯಾದವರಿಗೆ ಈ ಕೆಲಸವಿಲ್ಲ. ಕೆಲಸದ ಹೊತ್ತಿನಲ್ಲಿ ಉಂಗುರ ಹಾಕುವಂತಿಲ್ಲ ಎಂದು ಕತ್ತಿನ ಸರಕ್ಕೆ ಪೋಣಿಸಿಕೊಂಡಿದ್ದೇನೆ, ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಈಸ್ಟರಿಗೆ ಇನ್ನು ಇಪ್ಪತ್ತೊಂಬತ್ತು ವಾರ.

ಗುರುವಾರ, ೧೮ ಸೆಪ್ಟೆಂಬರ್

ಹೊಸ ಹುಡುಗಿ ಬಂದಳು. ನೊಲೀನ್ ಡಗನ್, ಹದಿಮೂರು ವರ್ಷ, ಶಾಲೆಯ ಕೊನೆಯ ತರಗತಿ. ಹೋದ ತಿಂಗಳು ಇವಳ ತಾಯಿ ನಮ್ಮೂರ ಟೆಲಿಫೋನ್ ಕಚೇರಿಗೆ ವರ್ಗವಾಗಿ ಬಂದವರು. ತಂದೆ ಯುದ್ಧದಲ್ಲಿ ಹೋದ. ಮೊದಲು ಇದ್ದ ಕಾಡೂರಿನಲ್ಲಿ ಹಲ್ಲಿನ ನರ್ಸೇ ಇರಲಿಲ್ಲವಂತೆ. ಬಾಯಿ ತೆರೆಸಿದೆ. ದೇವರೇ! ಹನ್ನೊಂದು ತೂತು.

“ಎಷ್ಟು ನರ್ಸಮ್ಮ?” ಎಂದಳು.

“ಒಂದಷ್ಟು ಇವೆ ಮರಿ.”

“ಒಂದಷ್ಟು ಅಂದ್ರೆ? ನಾನೇನು ಚಿಕ್ಕ ಮಗೂನಾ? ಸರಿಯಾಗಿ ಹೇಳಿ.”

“ಹನ್ನೊಂದು.”

“ಅಷ್ಟೇನಾ! ನಮ್ಮಮ್ಮ ಎಲ್ಲಾನೂ ಹೋಗಿದೆ ಅಂದಿದ್ಲು,” ಎಂದು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದು ಮತ್ತೆ ಬಾಯಿ ತೆರೆದಳು. ಕಣ್ಣು ಮುಚ್ಚಲಿಲ್ಲ. ಎಲ್ಲ ಮಕ್ಕಳೂ ಚಾವಣಿ ನೋಡುತ್ತಾರೆ. ಇವಳು ನನ್ನನ್ನೇ ನೋಡುತ್ತಿದ್ದಳು. ಕಾಲು ತುಳಿಯುವುದು ಎರಡು ಸಲ ತಪ್ಪಿತು. ನನ್ನ ಹಲ್ಲು ಬೇರೆ ಅದೇ ಹೊತ್ತಿಗೆ ಚುಳುಕ್ ಎಂದಿತು. ಅವಳು ‘ಅಮ್ಮಾ’ ಎನ್ನಲಿಲ್ಲ, ನಾನೇ ಅಂದೆ.

ಭಾನುವಾರ, ೨೮ ಸೆಪ್ಟೆಂಬರ್

ನಿನ್ನೆ ಈ ವರ್ಷದ ಕೊನೆಯ ರಗ್ಬಿ ಪಂದ್ಯ. ಮರ್ವಿನ್ ಎಂದಿನಂತೆ ಆಟಕ್ಕಿಳಿಯುವ ಮುನ್ನ ತನ್ನ ಕಟ್ಟಿಸಿಕೊಂಡ ಹಲ್ಲಿನ ಎರಡೂ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಎಂಬತ್ತು ನಿಮಿಷ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಅವನ ನಗು ಇತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿಯರ ಬ್ಯಾಗುಗಳಲ್ಲೂ ಒಂದೊಂದು ಗಂಟು. ಗೆದ್ದ ಮೇಲೆ ಹದಿನೈದು ಗಂಡಸರಲ್ಲಿ ಒಂಬತ್ತು ಮಂದಿ ಬೊಚ್ಚುಬಾಯಿ ಬಿಟ್ಟುಕೊಂಡು ಓಡಿ ಬಂದರು. ಅಷ್ಟು ದೂರದಿಂದ ನನ್ನವನು ಯಾರೆಂದು ಗುರುತು ಹಿಡಿಯುವುದು ಕಷ್ಟವೇ.

ಇಂದು ಮಧ್ಯಾಹ್ನ ಅವರ ತೋಟದ ಮನೆಯಲ್ಲಿ ಊಟ. ಕುರಿಮಾಂಸ, ಪುದೀನ ಚಟ್ನಿ, ಆಮೇಲೆ ಪೇರಳೆ. ಅತ್ತೆ (ಆಗಲಿರುವ) ಎಲ್ಲ ಬಡಿಸಿಯಾದ ಮೇಲೆ ಏಪ್ರನ್ ಸರಿಮಾಡಿಕೊಂಡು ಗಂಟಲು ಕೆರೆದರು.

“ಬೆರಿಲ್, ನೋಡಮ್ಮ, ನಿನ್ನ ಮದುವೆಗೆ ನಮ್ಮ ಕಡೆಯಿಂದ ಉಡುಗೊರೆ ಏನು ಅಂತ ಯೋಚ್ನೆ ಮಾಡ್ತಿದ್ವಿ. ಎಲ್ರೂ ಮೇಜುಬಟ್ಟೆ ಕೊಡ್ತಾರೆ. ನಾವು ಹಲ್ಲು ಕೊಡೋಣ ಅಂತ.”

“ಹಲ್ಲು?”

“ಇರೋದನ್ನೆಲ್ಲ ಒಂದೇ ಸಲ ತೆಗೆಸ್ಬಿಟ್ಟು ಹೊಸ ಸೆಟ್ಟು. ಪಟ್ಟಣದ ಹಲ್ಲಿನ ಡಾಕ್ಟ್ರು ಪಾಟಿಂಜರ್ ಹತ್ರಾನೇ. ನನ್ನ ಮದುವೇಗೆ ನಮ್ಮಪ್ಪ ಕೊಡ್ಸಿದ್ರು. ಇವತ್ತಿಗೆ ಇಪ್ಪತ್ತೇಳು ವರ್ಷ, ಒಂದು ದಿನ ನೋವು ಅಂದಿಲ್ಲ. ಮದುವೆ ಆದ್ಮೇಲೆ ಹಲ್ಲುನೋವು ಅಂತ ಗಂಡನ ತಲೆ ತಿನ್ನೋ ಹೆಂಡ್ತಿ ಯಾರಿಗೆ ಬೇಕು ಹೇಳು.”

ಮಾವ ತಲೆಯಾಡಿಸಿದರು. ಮರ್ವಿನ್ ನಕ್ಕ, ಬಿಳಿ ಬಿಳಿಯಾಗಿ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ರಾತ್ರಿ ಹಲ್ಲು ಹಾಕಿಡುವ ಮೂರು ಗಾಜಿನ ಲೋಟಗಳಿದ್ದವು. ನಾಲ್ಕನೆಯದಕ್ಕೆ ಜಾಗ ಬಿಟ್ಟಿದ್ದರು.

ಮಕ್ಕಳ ಹಲ್ಲು ಉಳಿಸುವವಳು ನಾನು. ಆ ಕ್ಷಣ ಎದ್ದು ನಿಂತು ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು: “ಅಯ್ಯೋ, ಎಷ್ಟು ಒಳ್ಳೆಯವರು ನೀವು!” ನಿಜ ಹೇಳಲೇ? ಮಂಪರು ಗ್ಯಾಸ್ ಕೊಟ್ಟು ತೆಗೆಯುತ್ತಾರೆ. ಕೊರೆಯುವ ಯಂತ್ರ ಇಲ್ಲವೇ ಇಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಳಸಾಲು ಬಲಗಡೆಯದೂ ಹೋಯಿತು, ಮಿಕ್ಕ ಮೂವತ್ತೊಂದೂ ಹೋದವು. ಒಂದು ಇಲಿಗೆ ಹೆದರಿ ಮನೆಗೇ ಬೆಂಕಿ ಇಡುವ ಜಾತಿ ನಾನು.

ಬುಧವಾರ, ೮ ಅಕ್ಟೋಬರ್

ಟೆಲಿಫೋನ್ ಕಚೇರಿಗೆ ಹೋಗಿ ಪಟ್ಟಣದ ಪಾಟಿಂಜರ್ ವೈದ್ಯರಿಗೆ ಲೈನ್ ಕೇಳಿದೆ. ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಶಾಲೆ ಮುಚ್ಚಿದ ಮರುದಿನ. ಒಸಡು ಒಣಗಲು ಮೂರು ತಿಂಗಳು, ಈಸ್ಟರಿಗೆ ಹೊಸ ಹಲ್ಲು ಸಿದ್ಧ. ಕ್ರಿಸ್‌ಮಸ್ಸಿನ ಬೇಸಿಗೆ ರಜೆಯಿಡೀ ಗಂಜಿ ಕುಡಿದುಕೊಂಡು ಮನೆಯೊಳಗಿದ್ದು, ಶಾಲೆ ತೆರೆದ ಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡರಾಯಿತು, ಒಂದು ಮಗುವಿಗೂ ತಿಳಿಯುವುದಿಲ್ಲ.

ಬೂತಿನಲ್ಲಿ ನಿಂತು ಮೆಲ್ಲಗೆ ಮಾತಾಡಿದೆ. ಎಷ್ಟು ಜಾಣೆ ನೋಡಿ ನಾನು.

ಶುಕ್ರವಾರ, ೨೪ ಅಕ್ಟೋಬರ್

ನೊಲೀನಳ ಆರು ಮುಗಿದವು. ಇಂದು ಮುಂಭಾಗದ ಹಲ್ಲಿನ ಹಾಳಾದ ಅಂಚು ಕಟ್ಟಿದೆ. ಒಂದು ಗಂಟೆ ಹಿಡಿಯಿತು. ಕನ್ನಡಿ ಕೊಟ್ಟೆ. ಅವಳು ತುಟಿ ಎತ್ತಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಆಮೇಲೆ ತುಟಿ ಮುಚ್ಚಿಕೊಂಡಳು. ಇಷ್ಟು ದಿನ ಅವಳು ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದದ್ದನ್ನು ನಾನು ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ದಡ್ಡಿ.

“ನರ್ಸಮ್ಮ, ಇದು ಎಷ್ಟು ವರ್ಷ ಬರುತ್ತೆ?”

“ಚೆನ್ನಾಗಿ ನೋಡ್ಕೊಂಡ್ರೆ ನಿನ್ನ ಮೊಮ್ಮಕ್ಕಳ ಕಾಲದವರೆಗೂ.”

“ನಿಮ್ಮ ಹಲ್ಲು ಎಲ್ಲಾ ಚೆನ್ನಾಗಿದ್ಯಾ?”

“ಓ! ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ಉಜ್ತೀನಲ್ಲ.”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಒಳಗೆ ಲವಂಗದ ಹತ್ತಿ ಒದ್ದೆಯಾಗಿ ನಾಲಿಗೆ ಉರಿಯುತ್ತಿತ್ತು. ಬೆಂಕಿಪೊಟ್ಟಣದಲ್ಲಿ ಹಲ್ಲು ತುಂಬಲು ಬಳಸುವ ಪಾದರಸದ ಒಂದು ಹನಿ ಹಾಕಿ ಅವಳಿಗೆ ಕೊಟ್ಟೆ, ಧೈರ್ಯಕ್ಕೆ ಬಹುಮಾನ. “ನಾನು ಚಿಕ್ಕ ಮಗು ಅಲ್ಲ” ಎನ್ನುತ್ತಲೇ ಇಸಿದುಕೊಂಡಳು. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಶಾಲೆಯಿಂದ ಕೊಡುವ ಹಾಲಿನ ಬಾಟಲಿಗಳ ಹತ್ತಿರ ನಿಂತು ಗೆಳತಿಯರಿಗೆ ಪಾದರಸ ತೋರಿಸುತ್ತಿದ್ದಳು. ಯಾರೋ ಏನೋ ಅಂದರು. ನಕ್ಕಳು. ಕೈ ಅಡ್ಡ ಬರಲಿಲ್ಲ.

ನಾನು ಅಲ್ಲೇ ನಿಂತು ಅತ್ತೆ. ಹಲ್ಲುನೋವಿಗೆ ಇರಬೇಕು.

ಮುಂದಿನ ವರ್ಷದ ಚಿಕ್ಕ ಮಕ್ಕಳ ಪಟ್ಟಿ ಕೂತು ಬರೆದೆ, ಆಗಸ್ಟ್‌ವರೆಗೂ ಯಾರ್ಯಾರು ಯಾವ ದಿನ ಎಂದು. ಬರೆದು ಮುಗಿಸಿದ ಮೇಲೆ, ಈಸ್ಟರ್ ಆದ ಮೇಲೆ ನಾನು ಇಲ್ಲಿರುವುದೇ ಇಲ್ಲ ಎಂದು ನೆನಪಾಯಿತು. ಕೆಲಸ ಹಾಳಾಗಬಾರದು ಎಂದು ಹರಿಯಲಿಲ್ಲ.

ಗುರುವಾರ, ೧೩ ನವೆಂಬರ್

ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು. ಇರಲಿ.

ಇಂದು ನೊಲೀನಳ ಹನ್ನೊಂದನೆಯದನ್ನು ತುಂಬಿದೆ. ಮುಗಿಯಿತು ಎಂದೆ. ಕುರ್ಚಿಯಿಂದ ಇಳಿಯಲೇ ಇಲ್ಲ. ಹೊಗಳಿಕೆಗೆ ಕಾಯುತ್ತಿದ್ದಾಳೆ ಎಂದು, “ಈ ಬಾಯಿ ನಾನು ಇದುವರೆಗೆ ಮಾಡಿದ್ರಲ್ಲೇ ಒಳ್ಳೇ ಕೆಲಸ” ಎಂದೆ.

“ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ನರ್ಸಮ್ಮ,” ಎಂದಳು. “ರಜೇಲಿ ಎಲ್ಲಾ ತೆಗೆಸ್ತಾರೆ. ಕ್ರಿಸ್‌ಮಸ್ ದಿನ ನಂಗೆ ಹದಿನಾಲ್ಕು ತುಂಬುತ್ತೆ. ಅಮ್ಮ ಕೊಡ್ಸೋ ಉಡುಗೊರೆ.”

“ಎಲ್ಲಾ ಅಂದ್ರೆ?”

“ಎಲ್ಲಾ.”

“ನಿಂಗೆ ಬೇಕಾ?”

ಅವಳು ತನ್ನ ಬೂಟು ನೋಡಿಕೊಂಡಳು. “ಮುಂದಿಂದು ಒಂದನ್ನ ಬಿಡು ಅಂತ ಅಮ್ಮನ್ನ ಕೇಳ್ದೆ. ಒಂದನ್ನೇ ಬಿಟ್ರೆ ಚೆನ್ನಾಗಿ ಕಾಣಲ್ಲ ಅಂದ್ಲು.”

ನಾನು ತಲೆವಸ್ತ್ರವನ್ನೂ ತೆಗೆಯದೆ ಸೈಕಲ್ ಹತ್ತಿ ಟೆಲಿಫೋನ್ ಕಚೇರಿಗೆ ಹೋದೆ. ನೊಲೀನಳ ತಾಯಿಯನ್ನು ಊರೆಲ್ಲ ಡಗನಮ್ಮ ಎನ್ನುತ್ತದೆ. ದಪ್ಪ ಕನ್ನಡಕ, ತೆಳ್ಳಗಿನ ಹೆಂಗಸು. ಕಿವಿಗೆ ಟೆಲಿಫೋನಿನ ಕೇಳುವ ಯಂತ್ರ ಸಿಕ್ಕಿಸಿಕೊಂಡು, ಲೈನ್ ಜೋಡಿಸುವ ಹಲಗೆಯ ಮುಂದೆ ಕೂತು ಒಂದು ತೂತಿನಿಂದ ತಂತಿ ಕಿತ್ತು ಇನ್ನೊಂದು ತೂತಿಗೆ ತುರುಕುತ್ತಿದ್ದರು.

“ಡಗನಮ್ಮ, ನೀವು ಆ ಮಗೂಗೆ ಏನ್ ಮಾಡ್ತಿದೀರಾ ಗೊತ್ತಾ? ಎರಡು ತಿಂಗ್ಳು ನನ್ನ ಕುರ್ಚೀಲಿ ಕೂತು ಕಣ್ಣೀರು ಹಾಕ್ದೆ ಸಹಿಸ್ಕೊಂಡಿದಾಳೆ. ಒಂದೊಂದು ಹಲ್ಲೂ ಗಟ್ಟಿಯಾಗಿದೆ ಈಗ. ಗಟ್ಟಿ ಹಲ್ಲನ್ನ ಕೀಳ್ಸೋದು ಪಾಪ ಕಣ್ರೀ!”

“ಕಿರಚ್ಬೇಡಿ, ಲೈನಲ್ಲಿ ಜನ ಇದಾರೆ.” ಅವರು ತಿರುಗಲೂ ಇಲ್ಲ. “ಇವತ್ತು ಗಟ್ಟಿ. ನಾಳೆ? ಒಬ್ಬಳೇ ದುಡಿಯೋಳು ನಾನು. ಅವಳಿಗೆ ಹಲ್ಲುನೋವು ಬಂದ ರಾತ್ರಿ ಎದ್ದು ಕೂರೋರು ಯಾರು? ಒಂದ್ಸಲ ತೆಗೆಸಿದ್ರೆ ಜನ್ಮಪೂರ್ತಿ ನಿಶ್ಚಿಂತೆ. ಎಲ್ಲ ತಾಯಂದ್ರೂ ಮಾಡೋದನ್ನೇ ನಾನೂ ಮಾಡ್ತಿದೀನಿ.”

“ಎಲ್ರೂ ಮಾಡ್ತಾರೆ ಅಂತ ತಿಳಿವಳಿಕೆ ಇರೋರೂ ಮಾಡ್ಬೇಕಾ?”

ಆಗ ತಿರುಗಿದರು. ಕಿವಿಯ ಯಂತ್ರ ಕೆಳಗಿಟ್ಟರು.

“ತಿಳಿವಳಿಕೆ ಇರೋರು. ಹ್ಞೂಂ. ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಹತ್ತು ಗಂಟೆ. ‘ಮೇಲಿಂದು ಕೆಳಗಿಂದು ಎಲ್ಲಾ, ಗ್ಯಾಸ್ ಕೊಟ್ಟು.’ ಲೈನ್ ಕೊಟ್ಟೋಳು ನಾನೇ ನರ್ಸಮ್ಮ. ನಿಮ್ದು ಕೇಳಿದ ಮೇಲೇನೇ ನಾನು ಧೈರ್ಯವಾಗಿ ಅವಳಿಗೆ ಹನ್ನೊಂದು ಗಂಟೆ ಕೇಳಿದ್ದು. ಹಲ್ಲಿನ ನರ್ಸೇ ತೆಗೆಸ್ತಿದಾರೆ ಅಂದ್ಮೇಲೆ ತಪ್ಪೇನಿದ್ದೀತು ಅಂತ.”

ನನ್ನ ಮುಖ ಇಂಗು ತಿಂದ ಮಂಗನದ್ದಾಯಿತು. ಬೂತು ಮುಚ್ಚಿ ಪಿಸುಗುಟ್ಟಿದರೆ ತಂತಿಯ ಆ ತುದಿಯಲ್ಲಿ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದವಳು ನಾನು! ಇಡೀ ಊರಿನ ಮಾತು ಆ ಹೆಂಗಸಿನ ಕಿವಿಯ ಮೂಲಕವೇ ಹಾದು ಹೋಗಬೇಕು.

“ಅದು ಬೇರೆ,” ಎಂದೆ. “ನನ್ನ ಮದುವೆ...”

“ಅವಳಿಗೂ ಒಂದಿನ ಆಗುತ್ತೆ,” ಎಂದರು ಡಗನಮ್ಮ. ಹಲಗೆಯ ಮೇಲೆ ದೀಪ ಹತ್ತಿತು. ತಿರುಗಿ ತಂತಿ ಸಿಕ್ಕಿಸಿದರು. “ನಮಸ್ಕಾರ, ಯಾವ ನಂಬರ್ ಬೇಕು?”

ಶುಕ್ರವಾರ, ೧೪ ನವೆಂಬರ್

ಹೊಟ್ಟೆನೋವು ಎಂದು ಹೇಳಿ ಆಸ್ಪತ್ರೆ ತೆರೆಯಲಿಲ್ಲ. ಮಕ್ಕಳು ಹಬ್ಬ ಮಾಡಿದರಂತೆ.

ಭಾನುವಾರ, ೨೩ ನವೆಂಬರ್

ಮರ್ವಿನ್ ಹಾಲು ಕರೆದು ಬರುವವರೆಗೆ ಕೊಟ್ಟಿಗೆಯ ಗೇಟಿನ ಹತ್ತಿರ ಕಾದೆ. ಹೇಗೆ ಕೇಳುವುದು ಎಂದು ಹತ್ತು ದಿನದಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಬಂದಾಗ ಎಲ್ಲ ಮರೆತು, “ನೀನು ಸೇಬು ಕಚ್ಚಿ ತಿಂತೀಯಾ?” ಎಂದೆ.

“ಚಾಕುಲಿ ಹೆಚ್ಕೊಂಡು ತಿಂತೀನಿ. ಯಾಕೆ?”

“ಕಚ್ಚಿ ತಿನ್ಬೇಕು ಅನ್ಸಲ್ವಾ?”

“ಹತ್ತೊಂಬತ್ತಕ್ಕೇ ತೆಗೆಸಿದ್ದು ಕಣೆ, ಮರ್ತೇ ಹೋಗಿದೆ. ಸೇಬಿಗೋಸ್ಕರ ಯಾರಾದ್ರೂ ಹಲ್ಲು ಇಟ್ಕೋತಾರಾ?”

“ಮರ್ವಿನ್, ನಂಗೆ ಒಂದೇ ಒಂದು ಹಲ್ಲು ನೋಯೋದು. ಒಂದನ್ನ ಸರಿಮಾಡಿಸ್ಕೊಂಡ್ರೆ ಸಾಕು ಅನ್ಸತ್ತೆ.”

ಅವನು ಬಕೆಟ್ ಕೆಳಗಿಟ್ಟ. ಒಳ್ಳೆಯವನು, ಕೋಪ ಬರುವುದಿಲ್ಲ. “ಅಮ್ಮ ಊರಿಗೆಲ್ಲ ಹೇಳ್ಬಿಟ್ಟಿದಾಳಲ್ಲೇ. ನಮ್ಮ ಹಲ್ಲು ಬೇಡ ಅಂದ್ಲು ಅಂದ್ರೆ ಎಷ್ಟು ನೊಂದ್ಕೋತಾಳೆ. ಹಲ್ಲುಜ್ಜೋದು, ನೋವು, ಲವಂಗ, ಇದೆಲ್ಲ ಶಾಲೆ ಮಕ್ಕಳಿಗೆ. ಮದುವೆ ಆದ್ಮೇಲೆ ನಿಂಗ್ಯಾಕೆ ಅದೆಲ್ಲ?” ಎಂದು ನಕ್ಕು, “ಹೇಳು, ನಿಂಗೆ ಹಲ್ಲು ಬೇಕೋ, ನಾನು ಬೇಕೋ?”

ತಮಾಷೆಗೆ ಅಂದದ್ದು. ನಾನೂ ನಕ್ಕೆ. ಸೈಕಲ್ ತುಳಿಯುತ್ತ ಮನೆ ಮುಟ್ಟುವವರೆಗೂ ಉತ್ತರ ಹುಡುಕುತ್ತಿದ್ದೆ. ತಮಾಷೆಗೆ ಉತ್ತರ ಯಾಕೆ ಬೇಕು ಎಂದು ಈಗ ಅನಿಸುತ್ತಿದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಾರೆ. ಇಲ್ಲಿ ಕಡಲೆಯೂ ಇದೆ, ಹಲ್ಲೂ ಇದೆ, ಎರಡನ್ನೂ ಬಿಟ್ಟುಕೊಡುವ ಉತ್ಸಾಹವೂ ಇದೆ.

ಎಂಟು ವರ್ಷದವರ ತರಗತಿಯಲ್ಲಿ ಹೊಸ ತೂತು ಈ ಅವಧಿಯಲ್ಲಿ ಮೂರೇ ಮೂರು. ಹೋದ ವರ್ಷ ಹತ್ತೊಂಬತ್ತು ಇದ್ದವು.

ಮಂಗಳವಾರ, ೨ ಡಿಸೆಂಬರ್

ಫೋನ್ ಮಾಡಲು ಹೊರಟು ಮೂರು ಸಲ ಅರ್ಧ ದಾರಿಯಿಂದ ವಾಪಸ್ ಬಂದೆ. ನಾಲ್ಕನೆಯ ಸಲ ಹೋದೆ. ಬೂತಿಗೆ ಹೋಗಲಿಲ್ಲ, ಕೌಂಟರಿನ ಮುಂದೆಯೇ ನಿಂತೆ. ಅಂಚೆಚೀಟಿಗೆ ಬಂದ ಐದಾರು ಜನ ಇದ್ದರು.

“ಪಾಟಿಂಜರ್ ವೈದ್ಯರಿಗೆ ಲೈನ್ ಕೊಡಿ ಡಗನಮ್ಮ. ನೀವೂ ಕೇಳಿಸ್ಕೊಳ್ಳಿ.”

“ನಾನು ಕೇಳಿಸ್ಕೊಳಲ್ಲ. ಅದು ನಿಯಮ,” ಎಂದು ಕಿವಿಯ ಯಂತ್ರವನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು.

ಲೈನ್ ಸಿಕ್ಕಿತು. ನನ್ನ ದನಿ ಕೋಳಿಮರಿಯದ್ದಾಗಿತ್ತು. “ನಾನು ಬೆರಿಲ್ ಟ್ರೆಗಿಯರ್. ಹತ್ತೊಂಬತ್ತಕ್ಕೆ ಎಲ್ಲಾ ತೆಗೆಯೋದು ಬೇಡ. ಒಂದೇ ಒಂದು. ಅದನ್ನ ಕೊರೆದು... ಕೊರೆದು ತುಂಬಿ.” ಆ ಪದವನ್ನು ಎರಡು ಸಲ ಹೇಳಬೇಕಾಯಿತು. ಎರಡು ವರ್ಷದಲ್ಲಿ ಸಾವಿರ ಮಕ್ಕಳಿಗೆ ನಗುನಗುತ್ತ ಹೇಳಿದ ಪದ.

“ಕೇಳಿಸ್ತಾ?” ಎಂದೆ ಫೋನ್ ಇಟ್ಟು.

“ಹೇಳೋದು ಸುಲಭ,” ಎಂದರು ಡಗನಮ್ಮ. “ನೀವು ಆ ಮನೆ ಸೊಸೆ ಆಗೋರು. ನಿಮ್ಮತ್ತೆ ಹಾಸ್ಕೆಟ್ ಅಮ್ಮ ಬಂದು ಒಂದು ಮಾತು ಅಂದ್ರೆ ಬಾಲ ಮುದುರ್ಕೊಂಡು ಹೋಗಿ ತೆಗೆಸ್ತೀರಿ. ನಮ್ಮ ಹನ್ನೊಂದು ಗಂಟೆ ಹಾಗೇ ಇರುತ್ತೆ. ನಾನು ಹತ್ತಕ್ಕೇ ಬಂದು ಕೂತಿರ್ತೀನಿ. ನೀವು ಹೊರಗೆ ಬಂದಾಗ ನಿಮ್ಮ ಬಾಯಿ ನೋಡ್ತೀನಿ. ಆಮೇಲೆ ನನ್ನ ಮಗಳದ್ದು.”

ನ್ಯಾಯವಾಗಿಯೇ ಇದೆ. ನನ್ನನ್ನು ನಾನೇ ನಂಬುವುದಿಲ್ಲ, ಅವರು ಯಾಕೆ ನಂಬಬೇಕು.

ಬುಧವಾರ, ೧೦ ಡಿಸೆಂಬರ್

ಇಡೀ ದಿನ ಚಿಕ್ಕವರ ತಪಾಸಣೆ. ಐದು ವರ್ಷದ ಒಬ್ಬ ಧೀರ ನನ್ನ ಬೆರಳು ಕಚ್ಚಿದ. ರಕ್ತ ಬಂತು. “ಭಲೇ, ಹಲ್ಲು ಗಟ್ಟಿ ಇವೆ” ಎಂದು ಕಾರ್ಡಿನಲ್ಲಿ ಬರೆದೆ. ಹತ್ತಿಯುಂಡೆಗೆ ದಾರ ಸುತ್ತಿ ದುಂಬಿ ಮಾಡಿ ಕೊಟ್ಟೆ. ಆಮೇಲೆ ಹನ್ನೆರಡು ಮಕ್ಕಳು ನಮಗೂ ದುಂಬಿ ಬೇಕೆಂದು ತಾವಾಗಿಯೇ ಬಂದು ಸಾಲು ನಿಂತರು. ಕೊಲೆಮನೆಯ ಮುಂದೆ ಸಾಲು! ಮುಖ್ಯೋಪಾಧ್ಯಾಯರು ಕಿಟಕಿಯಿಂದ ಇಣುಕಿ ಏನಾದರೂ ಅನಾಹುತವಾಯಿತೇ ಎಂದು ಕೇಳಿದರು.

ನೋವು ಈಗ ಕಿವಿಯವರೆಗೆ. ರಾತ್ರಿ ಎಡಮಗ್ಗುಲಲ್ಲಿ ಮಾತ್ರ ಮಲಗುತ್ತೇನೆ. ಕನಸಿನಲ್ಲಿ ನಾನೇ ನನ್ನನ್ನು ಚೀಟಿ ಕೊಟ್ಟು ಕರೆಸಿದೆ.

ಬರೆಯುವುದು ಮರೆತಿತ್ತು. ಭಾನುವಾರ ಮರ್ವಿನ್ ಬಂದು ಉಂಗುರ ತೆಗೆದುಕೊಂಡು ಹೋದ. ಅವನ ಅಮ್ಮ ಮೂರು ದಿನ ಊಟ ಬಿಟ್ಟಿದ್ದರಂತೆ. ಅವನ ಕಣ್ಣು ಕೆಂಪಾಗಿತ್ತು, ನನಗೂ ಅಳು ಬಂತು. “ಒಂದು ಹಲ್ಲಿಗೋಸ್ಕರ!” ಎಂದ. ಮೂವತ್ತೊಂದಕ್ಕೋಸ್ಕರ ಎಂದು ಹೇಳಬೇಕೆಂದು ಅವನು ಗೇಟು ದಾಟಿದ ಮೇಲೆ ಹೊಳೆಯಿತು. ನನಗೆ ಜಾಣ ಮಾತು ಹೊಳೆಯುವುದೇ ಕೇಳುವವರು ಹೋದ ಮೇಲೆ.

ಮುಂದಿನ ವರ್ಷಕ್ಕೆ ಲವಂಗದೆಣ್ಣೆ, ಹತ್ತಿ, ಮಕ್ಕಳ ಬ್ರಷ್ಷು ಕಳಿಸಿ ಎಂದು ಇಲಾಖೆಗೆ ಬರೆದೆ.

ಶುಕ್ರವಾರ, ೧೯ ಡಿಸೆಂಬರ್

ಎಡಗೈಯಲ್ಲಿ ಕೆನ್ನೆ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ನಾನು ಮುಂದೆ, ಅವರಿಬ್ಬರು ಹಿಂದೆ. ನೊಲೀನ್ ಭಾನುವಾರದ ಹ್ಯಾಟು ಹಾಕಿಕೊಂಡಿದ್ದಳು. ಡಗನಮ್ಮನ ಮಡಿಲಲ್ಲಿ ಒಂದು ಚೀಲ, ಅದರಲ್ಲಿ ಹಳೆಯ ಟವೆಲ್ಲುಗಳು. ರಕ್ತ ಒರೆಸಲು.

ಪಾಟಿಂಜರರ ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕುರ್ಚಿಗಳು. ಹತ್ತಕ್ಕೆ ನನ್ನ ಹೆಸರು ಕರೆದರು. ಎದ್ದೆ, ಮತ್ತೆ ಕೂತೆ. “ನರ್ಸಮ್ಮ, ಕುರ್ಚಿ ತೋಳು ಗಟ್ಟಿಯಾಗಿ ಹಿಡ್ಕೊಳ್ಳಿ, ಅಷ್ಟೇ,” ಎಂದಳು ನೊಲೀನ್. ಹೋದೆ.

ಪಾಟಿಂಜರ್ ಮುದುಕರು, ಕೈ ತಣ್ಣಗೆ. ಮೊಳೆಯಂಥದ್ದರಲ್ಲಿ ಹಲ್ಲು ತಟ್ಟಿದರು. ನಾನು ಕಿರುಚಿದ್ದು ಬಸ್ ನಿಲ್ದಾಣಕ್ಕೆ ಕೇಳಿರಬೇಕು.

“ತುಂಬೋಕಾಗಲ್ಲಮ್ಮ. ಬೇರಿಗೇ ಇಳಿದಿದೆ. ಇದೊಂದು ಹೋಗ್ಲೇಬೇಕು. ಸೆಪ್ಟೆಂಬರಲ್ಲಿ ಬಂದಿದ್ರೆ ಉಳೀತಿತ್ತು. ಯಾಕೆ ಇಷ್ಟು ತಡ ಮಾಡಿದ್ರಿ?”

ಇದೇ ಮಾತನ್ನು ಇದೇ ರಾಗದಲ್ಲಿ ನಾನು ಎಷ್ಟು ತಾಯಂದಿರಿಗೆ ಹೇಳಿದ್ದೇನೆ! ಅವರೆಲ್ಲ ನನ್ನ ಕಡೆ ಹೇಗೆ ನೋಡುತ್ತಿದ್ದರೋ ಹಾಗೆಯೇ ನಾನು ಪಾಟಿಂಜರರ ಕಡೆ ನೋಡಿದೆ.

“ಮಿಕ್ಕವು?” ಎಂದೆ.

“ಮಿಕ್ಕವು ಕಲ್ಲಿನ ಹಾಗಿವೆ. ಬಂದದ್ದು ಬಂದಿದೀರಿ, ಗ್ಯಾಸ್ ಸಿದ್ಧ ಇದೆ, ಎಲ್ಲಾ ಮುಗಿಸ್ಬಿಡ್ಲಾ? ನಿಮ್ಮತ್ತೆ ಹೋದ ತಿಂಗ್ಳು ಫೋನ್ ಮಾಡಿ ಹೇಳಿದ್ರು ಕೂಡ.”

ಒಂದು ಕ್ಷಣ, ದೇವರಾಣೆ, ಒಂದೇ ಕ್ಷಣ, ಆ ಕಪ್ಪು ರಬ್ಬರಿನ ಮುಖವಾಡ ತಾಯಿಯ ಮಡಿಲಿನಷ್ಟು ಹಿತವಾಗಿ ಕಂಡಿತು. ಮಲಗಿಬಿಡುವುದು. ಎದ್ದಾಗ ಎಲ್ಲ ಮುಗಿದಿರುತ್ತದೆ. ಬಾಗಿಲ ಆಚೆ ಡಗನಮ್ಮ ಕೆಮ್ಮಿದ್ದು ಕೇಳಿಸಿತು.

“ಒಂದೇ,” ಎಂದೆ. “ಗ್ಯಾಸ್ ಬೇಡ. ಜೋಮು ಹಿಡಿಸೋ ಸೂಜಿ ಕೊಡಿ, ನಾನು ಎಚ್ಚರವಾಗಿರ್ಬೇಕು.”

ಧೈರ್ಯ ಎಂದು ಯಾರಾದರೂ ತಿಳಿದುಕೊಂಡಾರು. ಆ ಮುಖವಾಡ ಮುಖಕ್ಕೆ ಬಂದರೆ ‘ಎಲ್ಲಾ ತೆಗೆದುಬಿಡಿ’ ಎಂದುಬಿಡುತ್ತೇನೇನೋ ಎಂಬ ಭಯ. ಕುರ್ಚಿಯ ತೋಳು ಹಿಡಿದೆ. ಕಣ್ಣು ಮುಚ್ಚಬಾರದೆಂದು ಅಂದುಕೊಂಡಿದ್ದೆ, ಮುಚ್ಚಿದೆ. ಅತ್ತೆ. ಒಂದು ಸಲ ಪಾಟಿಂಜರರ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಅವರ ಸಹಾಯಕಿ ಬಂದು ಬೆರಳು ಬಿಡಿಸಬೇಕಾಯಿತು. ಕೊನೆಗೆ ಕರಕ್ ಎಂದು ಬಂತು. ಬಾಯಿಗೆ ಹತ್ತಿ ತುರುಕಿ, ಹಲ್ಲನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಕೈಗಿಟ್ಟರು.

ಹೊರಗೆ ಬಂದೆ. ಡಗನಮ್ಮ ಎದ್ದು ನಿಂತು ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ನಾನು ಮಕ್ಕಳಿಗೆ ಮಾಡುವ ಹಾಗೆಯೇ ತುಟಿ ಎತ್ತಿ, ಕೆನ್ನೆ ಸರಿಸಿ, ಮೇಲುಸಾಲು ಕೆಳಸಾಲು ನೋಡಿದರು. ಬಹಳ ಹೊತ್ತು ನೋಡಿದರು.

“ಕೈಯಲ್ಲೇನು?” ಎಂದರು. ತೋರಿಸಿದೆ.

ಬಟ್ಟೆ ಬಿಡಿಸಿ ಹಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡರು. ಎರಡು ಬೇರು, ಒಂದು ಕಡೆ ಕಪ್ಪು. ಬೆರಳಿನಿಂದ ಒಮ್ಮೆ ಹೊರಳಿಸಿದರು.

“ಇಷ್ಟು ದೊಡ್ಡದಾಗಿರುತ್ತಾ ಇದು,” ಎಂದರು. ಆಮೇಲೆ ನನಗಲ್ಲ, ನೊಲೀನಳಿಗೂ ಅಲ್ಲ, ಹಲ್ಲಿಗೇ ಹೇಳುವ ಹಾಗೆ, “ನಂಗೆ ನನ್ನವನ್ನ ತೋರಿಸ್ಲೇ ಇಲ್ಲ. ಹದಿನೈದು ವರ್ಷ ಆಗ. ಎಚ್ಚರ ಆದಾಗ ಬಾಯಿ ತುಂಬ ಬಟ್ಟೆ ತುರುಕಿದ್ರು. ಎಲ್ಲಿ ಅಂತ ಕೇಳೋಕೂ ಆಗ್ಲಿಲ್ಲ. ಹೊರಗಡೆ ನಮ್ಮಮ್ಮ ನಗ್ತಾ ನಿಂತಿದ್ಲು. ನಿಂಗೆ ಬೇಕಾ ಅಂತ ಯಾರೂ ಕೇಳಿರ್ಲಿಲ್ಲ.”

ಒಳಗಿನಿಂದ ಸಹಾಯಕಿ ಬಾಗಿಲು ತೆರೆದು, “ನೊಲೀನ್ ಡಗನ್” ಎಂದು ಕರೆದಳು. ನೊಲೀನ್ ಹ್ಯಾಟು ತೆಗೆದು ಎದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

“ನಿಂಗೆ ಬೇಕಾ?” ಎಂದರು ಡಗನಮ್ಮ.

ನೊಲೀನ್ ಬೇಡ ಎಂದು ತಲೆಯಾಡಿಸಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

“ಇವಳು ಬರಲ್ಲ,” ಎಂದು ಡಗನಮ್ಮ ಸಹಾಯಕಿಗೆ ಹೇಳಿ ಧೊಪ್ಪೆಂದು ಕುರ್ಚಿಯಲ್ಲಿ ಕೂತುಬಿಟ್ಟರು. ನನ್ನ ಹಲ್ಲು ಇನ್ನೂ ಅವರ ಮುಷ್ಟಿಯೊಳಗೇ ಇತ್ತು. ಕನ್ನಡಕ ತೆಗೆದು, ರಕ್ತಕ್ಕೆಂದು ತಂದ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು.

ಎರಡು ವರ್ಷ ಊರಿಗೆಲ್ಲ ಉಪದೇಶ ಮಾಡಿದವಳು ನಾನು, ಆಗ ಒಂದು ಒಳ್ಳೆಯ ಮಾತು ಆಡಬೇಕಿತ್ತು. ಬಾಯಲ್ಲಿ ಹತ್ತಿ ಇತ್ತು. ಪಕ್ಕದ ಕುರ್ಚಿಯಲ್ಲಿ ಕೂತು ಅವರ ಇನ್ನೊಂದು ಕೈ ಹಿಡಿದುಕೊಂಡೆ. ಮಧ್ಯಾಹ್ನದ ಬಸ್ಸು ಬರುವವರೆಗೂ ಮೂವರೂ ಹಾಗೆಯೇ ಕೂತಿದ್ದೆವು.